ಆರ್ಕೆಸ್ಟ್ರಾ ನಡುವೆ ಬಸೂನ್ ಕೇಳಿಸುವುದಾದರೂ ಹೇಗೆ?

ಪ್ರಶ್ನೆ: ಬಸೂನ್ ಎಂಬ ಪಾಶ್ಚಾತ್ಯ ಊದುವಾದ್ಯದ ದನಿ ಮೆತ್ತಗಿನದು. ಅದಕ್ಕಾಗಿ ಕಾನ್ಸರ್ಟೊ (ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ) ಬರೆದರೆ ಇಡೀ ಆರ್ಕೆಸ್ಟ್ರಾದ ಸದ್ದಿನಲ್ಲಿ ಅದು ಮುಳುಗಿಹೋಗುವುದಿಲ್ಲವೇ?

ಮುಳುಗುತ್ತದೆ, ಬರೆಯುವವರು ಎಚ್ಚರ ತಪ್ಪಿದರೆ. ನಮ್ಮ ನಾದಸ್ವರದ ಹಾಗೆ ಬಸೂನಿಗೂ ಜೋಡಿ ರೀಡ್, ಅಂದರೆ ಊದಿದಾಗ ಅದುರುವ ಎರಡು ತೆಳು ಪಟ್ಟಿ ಇದೆ. ಆದರೆ ನಾದಸ್ವರ ಬೀದಿಗೆಲ್ಲ ಕೇಳಿಸುತ್ತದೆ, ಇದಕ್ಕೆ ಅಷ್ಟು ಜೋರಿಲ್ಲ. ಮಡಚಿದ ಕೊಳವೆಯ ಉದ್ದ ಸುಮಾರು 2.5 ಮೀಟರ್, ಹಾಗಾಗಿ ಸ್ವರ ತಗ್ಗಿನದು. ದೊಡ್ಡ ಪಿಟೀಲಿನಂಥ ಚೆಲ್ಲೊ, ಹಿತ್ತಾಳೆಯ ಹಾರ್ನ್‌ಗಳ ಸ್ವರಗಳೂ ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಅವೆಲ್ಲ ಒಟ್ಟಿಗೆ ಏರಿದರೆ ಬಸೂನನ್ನು ಹುಡುಕಬೇಕಾಗುತ್ತದೆ.

ಆದ್ದರಿಂದ ಯಾರನ್ನು ಯಾವಾಗ ಸುಮ್ಮನಿರಿಸಬೇಕು ಅನ್ನುವುದೇ ಇಲ್ಲಿ ದೊಡ್ಡ ವಿಷಯ. 1774ರಲ್ಲಿ ಸಂಯೋಜಕ ಮೊಜಾರ್ಟ್ ತಮ್ಮ ಬಸೂನ್ ಕಾನ್ಸರ್ಟೊದಲ್ಲಿ ತಂತಿವಾದ್ಯಗಳ ಜೊತೆ ಎರಡು ಓಬೋ (ಇದೂ ಜೋಡಿ ರೀಡ್‌ನ ಊದುವಾದ್ಯ), ಎರಡು ಹಾರ್ನ್ ಮಾತ್ರ ಇಟ್ಟುಕೊಂಡರು.

ಸೋವಿಯತ್ ಒಕ್ಕೂಟದ ಸಂಯೋಜಕಿ ಸೋಫಿಯಾ ಗುಬೈದುಲಿನಾ 1975ರಲ್ಲಿ ಇನ್ನೂ ದೂರ ಹೋದರು. ವಲೇರಿ ಪೊಪೊವ್ ಎಂಬ ಬಸೂನ್ ವಾದಕರಿಗಾಗಿ ಬರೆದ ಕಾನ್ಸರ್ಟೊದಲ್ಲಿ ಪಿಟೀಲು, ವಯೋಲಾ ಎರಡನ್ನೂ ಬಿಟ್ಟರು. ಉಳಿದದ್ದು ನಾಲ್ಕು ಚೆಲ್ಲೊ, ಅದಕ್ಕಿಂತಲೂ ದೊಡ್ಡದಾದ ಮೂರು ಡಬಲ್ ಬಾಸ್. ಎಲ್ಲವೂ ತಗ್ಗಿನ ದನಿಯವೇ, ಇದರಿಂದ ಕಷ್ಟ ಜಾಸ್ತಿ ಆಗುವುದಿಲ್ವಾ? ಆಗುತ್ತದೆ, ಮತ್ತು ಕೃತಿಯ ಬಿಸಿ ಇರುವುದೇ ಅಲ್ಲಿ. ಬಸೂನ್ ಒಂಟಿ, ಅದರ ಜಾಗಕ್ಕೇ ಬಂದು ಮುತ್ತುವವರು ಏಳು ಜನ. ಆದರೆ ಬಿಲ್ಲಿನ ಉಜ್ಜುವ ದನಿ ಬೇರೆ, ರೀಡ್‌ನ ದನಿ ಬೇರೆ. ಏಳೇ ವಾದ್ಯಗಳಾದ್ದರಿಂದ ಆ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಸೂನ್ ಅಂದರೆ ತಮಾಷೆಯ ವಾದ್ಯ ಎಂದುಕೊಂಡವರು ಇದನ್ನು ಕೇಳಲೇಬೇಕು. ಇಷ್ಟು ಸಂಕಟ, ಇಷ್ಟು ಹಟ ಈ ಮರದ ಕೊಳವೆಯಲ್ಲಿದೆಯೇ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಸಿನಿಮಾ ಸಂಗೀತದಿಂದ ಹೆಸರಾದ ಜಾನ್ ವಿಲಿಯಮ್ಸ್ ಹಿಡಿದದ್ದು ಇನ್ನೊಂದು ದಾರಿ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಬಸೂನ್ ವಾದಕಿಯಾಗಿದ್ದ ಜುಡಿತ್ ಲೆಕ್ಲೇರ್ ಅವರಿಗಾಗಿ ಬರೆದ ‘ದಿ ಫೈವ್ ಸೇಕ್ರೆಡ್ ಟ್ರೀಸ್’ 1995ರಲ್ಲಿ ಮೊದಲು ನುಡಿಯಿತು. ಐರಿಷ್ ಪುರಾಣದ ಐದು ಮರಗಳು, ಐದು ಭಾಗಗಳು. ಆರ್ಕೆಸ್ಟ್ರಾ ದೊಡ್ಡದೇ. ಆದರೆ ಶುರುವಿನಲ್ಲಿ ಬಸೂನ್ ಒಂದೇ ಹಾಡುತ್ತದೆ. ಎರಡನೇ ಭಾಗದಲ್ಲಿ ಒಂಟಿ ಪಿಟೀಲು ಜೊತೆಯಾಗುತ್ತದೆ, ಮೂರನೆಯದರಲ್ಲಿ ಹಾರ್ಪ್.

ಬಸೂನ್ ನಿಮಗೆ ಹೊಸದಾದರೆ ಇದರಿಂದಲೇ ಶುರುಮಾಡಿ. ಫೋನ್ ಸ್ಪೀಕರ್ ಮಾತ್ರ ಬೇಡ, ತಗ್ಗಿನ ಸ್ವರಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.