ಒಂದೇ ಸಹಿ, ಎರಡು ಪತ್ರ: ಎಂಡಿ5 ಸೋತ ಕಥೆ

2005ರಲ್ಲಿ ಮಾಗ್ನುಸ್ ಡೌಮ್ ಮತ್ತು ಸ್ಟೆಫಾನ್ ಲುಕ್ಸ್ ಎಂಬ ಸಂಶೋಧಕರು ಸೀಸರನ ಹೆಸರಿನಲ್ಲಿ ಎರಡು ಪತ್ರ ತಯಾರಿಸಿದರು. ಒಂದು, ಅವನ ಬಳಿ ಕೆಲಸ ಮಾಡಿದ ಆಲಿಸ್‌ಗೆ ಕೊಡುವ ಸಾಧಾರಣ ಶಿಫಾರಸು ಪತ್ರ. ಇನ್ನೊಂದು, ಅದೇ ಆಲಿಸ್‌ಗೆ ರಹಸ್ಯ ಕಡತಗಳನ್ನು ನೋಡಲು ಅನುಮತಿ ಕೊಡುವ ಆದೇಶ. ಎರಡರ ಎಂಡಿ5 ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಒಂದೇ! ಡಿಜಿಟಲ್ ಸಹಿ ಬೀಳುವುದು ಕಡತದ ಮೇಲಲ್ಲ, ಅದರ ಹ್ಯಾಶ್ ಮೇಲೆ. ಹಾಗಾಗಿ ಸೀಸರ್ ಶಿಫಾರಸು ಪತ್ರಕ್ಕೆ ಹಾಕಿದ ಸಹಿ ಆದೇಶಕ್ಕೂ ಯಾವ ತಕರಾರಿಲ್ಲದೆ ಒಪ್ಪುತ್ತದೆ.

ಹ್ಯಾಶ್ ಎಂದರೆ ಎಷ್ಟೇ ದೊಡ್ಡ ಕಡತವನ್ನಾದರೂ ನಿಗದಿತ ಉದ್ದದ ಒಂದು ಸಂಖ್ಯೆಗೆ ಇಳಿಸುವ ಲೆಕ್ಕ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಪೂರಾ ಬೇರೆಯಾಗುತ್ತದೆ. ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಕೊಡುವುದು 128 ಬಿಟ್‌ಗಳ ಸಂಖ್ಯೆ. ಕಡತಗಳಿಗೆ ಲೆಕ್ಕವಿಲ್ಲ, ಸಂಖ್ಯೆಗಳಿಗೆ ಮಿತಿಯಿದೆ. ಆದ್ದರಿಂದ ಎರಡು ಕಡತಗಳು ಒಂದೇ ಸಂಖ್ಯೆಯಲ್ಲಿ ಡಿಕ್ಕಿ ಹೊಡೆಯುವುದು ಖಂಡಿತ. ಅಂಥ ಜೋಡಿಯನ್ನು ಹುಡುಕಲು 2ರ 64ನೇ ಘಾತದಷ್ಟು ಪ್ರಯತ್ನ ಬೇಕು, ಯಾರಿಂದಲೂ ಆಗದು ಎಂಬುದೇ ಅಂದಿನ ಧೈರ್ಯವಾಗಿತ್ತು.

ಎಚ್ಚರಿಕೆ ಬರಲಿಲ್ಲವೆಂದಲ್ಲ. ಜರ್ಮನಿಯ ಹಾನ್ಸ್ ಡಾಬರ್ಟಿನ್ 1996ರಲ್ಲೇ ಎಂಡಿ5ರ ಒಳಭಾಗದಲ್ಲಿ ಡಿಕ್ಕಿಯೊಂದನ್ನು ತೋರಿಸಿದ್ದರು. ಬಳಕೆದಾರರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. 2004ರ ಆಗಸ್ಟ್‌ನಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ನಡೆದ ಕ್ರಿಪ್ಟೊ ಸಮ್ಮೇಳನದಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಪೂರ್ಣ ಎಂಡಿ5ಕ್ಕೇ ಡಿಕ್ಕಿ ಒದಗಿಸಿದರು. ಆರಂಭಿಕ ಮೌಲ್ಯಗಳಲ್ಲಿ ಬೈಟ್‌ಗಳ ಕ್ರಮ ಅದಲುಬದಲಾಗಿ ಅವರ ಮೊದಲ ಉತ್ತರ ನಿಜವಾದ ಎಂಡಿ5ಕ್ಕೆ ಹೊಂದುತ್ತಿರಲಿಲ್ಲ. ತಪ್ಪು ತಿಳಿದ ಕೂಡಲೇ ತಿದ್ದಿ ಹೊಸ ಜೋಡಿ ತಂದರು. ಅಷ್ಟು ಬೇಗ ಇನ್ನೊಂದು ಜೋಡಿ ಸಿಕ್ಕಿತಲ್ಲ, ನನಗೆ ಕಾಣುವಂತೆ ಆ ಸಮ್ಮೇಳನದ ದೊಡ್ಡ ಸುದ್ದಿ ಅದೇ.

ಆದರೂ ಜಾಲತಾಣಗಳ ಗುರುತನ್ನು ದೃಢೀಕರಿಸುವ ಕೆಲವು ಪ್ರಮಾಣಪತ್ರ ಸಂಸ್ಥೆಗಳು ಎಂಡಿ5 ಬಿಡಲಿಲ್ಲ. 2008ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ 200 ಪ್ಲೇಸ್ಟೇಷನ್ 3 ಆಟದ ಯಂತ್ರಗಳನ್ನು ಜೋಡಿಸಿ ಲೆಕ್ಕ ನಡೆಸಿತು. ಅದು ಹೊರತಂದದ್ದು ಯಾವ ಜಾಲತಾಣದ ಹೆಸರಿನಲ್ಲಾದರೂ ಪ್ರಮಾಣಪತ್ರ ಕೊಡಬಲ್ಲ, ಬ್ರೌಸರ್‌ಗಳೆಲ್ಲ ನಂಬುವ ನಕಲಿ ಅಧಿಕಾರಪತ್ರ. ದುರುಪಯೋಗವಾಗದಿರಲೆಂದು ಅದರ ಅವಧಿ 2004ರಲ್ಲೇ ಮುಗಿದಂತೆ ನಮೂದಿಸಿದ್ದರು. ಆದರೆ 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಬೇಹುಗಾರಿಕೆ ತಂತ್ರಾಂಶದ ಕರ್ತೃಗಳಿಗೆ ಅಂಥ ಸಂಕೋಚವಿರಲಿಲ್ಲ. ಎಂಡಿ5 ಡಿಕ್ಕಿಯಿಂದಲೇ ಮೈಕ್ರೋಸಾಫ್ಟ್‌ನ ಸಹಿ ಸೃಷ್ಟಿಸಿಕೊಂಡ ಅದು ವಿಂಡೋಸ್ ಅಪ್‌ಡೇಟ್ ವೇಷದಲ್ಲಿ ಕಂಪ್ಯೂಟರ್‌ಗಳನ್ನು ಹೊಕ್ಕಿತು. 160 ಬಿಟ್‌ಗಳ ಇನ್ನೊಂದು ಹ್ಯಾಶ್ ವಿಧಾನ ಎಸ್‌ಎಚ್‌ಎ-1ರ ಸರದಿ 2017ರಲ್ಲಿ ಬಂತು: ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐ ಮತ್ತು ಗೂಗಲ್ ಸೇರಿ ಒಂದೇ ಹ್ಯಾಶ್ ಇರುವ ಎರಡು ಪಿಡಿಎಫ್‌ಗಳನ್ನು ಪ್ರಕಟಿಸಿದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಡಿಕ್ಕಿಯಲ್ಲಿ ಎರಡೂ ಕಡತಗಳನ್ನು ಸಿದ್ಧಪಡಿಸುವವನು ಮೋಸಗಾರನೇ. ಬೇರೆಯವರು ಈಗಾಗಲೇ ಬರೆದಿಟ್ಟ ಕಡತದ ಹ್ಯಾಶ್‌ಗೆ ಹೊಂದುವ ಮತ್ತೊಂದನ್ನು ಹುಡುಕುವುದು ಬೇರೆಯೇ ಸಮಸ್ಯೆ. ಅದನ್ನು ಎಂಡಿ5ರಲ್ಲಿಯೂ ಯಾರೂ ಕಾರ್ಯತಃ ಸಾಧಿಸಿಲ್ಲ. ಇನ್ನು ಬರಿಯ ಹ್ಯಾಶ್, ಸಂದೇಶ ಯಾರಿಂದ ಬಂತೆಂದು ಹೇಳುವುದಿಲ್ಲ. ದಾರಿಯಲ್ಲಿ ಸಂದೇಶ ತಿದ್ದಿದವನು ಹೊಸ ಹ್ಯಾಶನ್ನೂ ಲೆಕ್ಕ ಹಾಕಿ ಅಂಟಿಸಬಹುದು. ಇದಕ್ಕಾಗಿ ಬೆಲ್ಲಾರೆ, ಕ್ಯಾನೆಟ್ಟಿ ಮತ್ತು ಕ್ರಾವ್‌ಚಿಕ್ 1996ರಲ್ಲಿ ಎಚ್‌ಮ್ಯಾಕ್ ರೂಪಿಸಿದರು. ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯನ್ನು ಬೆರೆಸಿ ಎರಡು ಸುತ್ತು ಹ್ಯಾಶ್ ಮಾಡುವ ಕ್ರಮವದು. ಕೀಲಿ ಗೊತ್ತಿಲ್ಲದವನಿಗೆ ಡಿಕ್ಕಿಯ ಲೆಕ್ಕವನ್ನು ಕುಳಿತಲ್ಲೇ ಮುಗಿಸಲಾಗದು. 2024ರ ಜುಲೈನಲ್ಲಿ ಇದಕ್ಕೆ ಸೊಗಸಾದ ನಿದರ್ಶನ ಸಿಕ್ಕಿತು. ಲಾಗಿನ್ ಪರಿಶೀಲನೆಗೆ ಜಾಲಗಳು ದಶಕಗಳಿಂದ ಬಳಸುವ ರೇಡಿಯಸ್ ವ್ಯವಸ್ಥೆ ತನ್ನ ಉತ್ತರಗಳಿಗೆ ಎಂಡಿ5ನಿಂದ ಮನೆಮದ್ದಿನಂಥ ಒಂದು ಮುದ್ರೆ ಒತ್ತುತ್ತಿತ್ತು. ‘ನಿರಾಕರಿಸಲಾಗಿದೆ’ ಎಂಬ ಉತ್ತರವನ್ನು ‘ಒಪ್ಪಲಾಗಿದೆ’ ಎಂದು ತಿರುಚುವುದು ಕೆಲವೇ ನಿಮಿಷಗಳ ಕೆಲಸವೆಂದು ಸಂಶೋಧಕರು ತೋರಿಸಿದರು. ಸೂಚಿಸಿದ ಪರಿಹಾರವೂ ಎಂಡಿ5 ಆಧಾರಿತವೇ, ಆದರೆ ಎಚ್‌ಮ್ಯಾಕ್ ರೂಪದಲ್ಲಿ.

ನಮ್ಮ ಕಾನೂನಿಗೂ ಈ ಚರಿತ್ರೆಗೂ ನೇರ ನಂಟಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಕಲಂ, ಎರಡು ದಾಖಲೆಗಳಿಂದ ಒಂದೇ ಫಲಿತಾಂಶ ಬರುವಂತೆ ಮಾಡುವುದು ಗಣನೆಯ ಮಟ್ಟಿಗೆ ಅಸಾಧ್ಯವಾಗಿರಬೇಕೆಂದು ಹ್ಯಾಶ್ ಅನ್ನು ನಿರೂಪಿಸಿತು. ಅದರಡಿಯ ನಿಯಮಗಳು ಹೆಸರಿಸಿದ್ದು ಎಂಡಿ5 ಮತ್ತು ಎಸ್‌ಎಚ್‌ಎ-1 ಅನ್ನು. ಕಾಯ್ದೆಯ ಮಾತನ್ನೇ ಹಿಡಿದರೆ 2004ರ ನಂತರ ಎಂಡಿ5 ಹ್ಯಾಶ್ ಎನಿಸಿಕೊಳ್ಳುವುದೇ ಇಲ್ಲ! ಡಿಜಿಟಲ್ ಸಹಿಗಳು ಮುಂದೆ ಎಸ್‌ಎಚ್‌ಎ-2 ಎಂಬ ಹ್ಯಾಶ್ ಕುಟುಂಬಕ್ಕೆ (ಎಸ್‌ಎಚ್‌ಎ256 ಅದರದೇ ಸದಸ್ಯ) ಹೊರಳಿದವು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಅನುಸೂಚಿಯಲ್ಲಿರುವ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದ ನಮೂನೆ ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ.

ವಶಪಡಿಸಿಕೊಂಡ ದಿನವೇ ಫೋನಿನ ಪ್ರತಿ ತೆಗೆದು ಹ್ಯಾಶ್ ಅನ್ನು ಮಹಜರಿನಲ್ಲಿ ಬರೆದಿದ್ದರೆ ಎಂಡಿ5 ಸದ್ಯಕ್ಕೆ ಕೆಲಸಕ್ಕೆ ಬರುತ್ತದೆ. ಆಮೇಲೆ ಅದಕ್ಕೆ ಹೊಂದುವ ಬೇರೊಂದು ಪ್ರತಿಯನ್ನು ಸೃಷ್ಟಿಸುವುದು ಆಗದ ಮಾತು. ಆದರೆ ಆ ನಮೂನೆಯ ‘ಎ’ ಭಾಗವನ್ನು ತುಂಬುವವರು ದಾಖಲೆ ಹಾಜರುಪಡಿಸುವ ಪಕ್ಷಕಾರರು. ದಾಖಲೆಯನ್ನು ಸೃಷ್ಟಿಸಿದವರೂ ಅವರೇ ಆಗಿರಬಹುದು. ಅಂಥ ಕಡೆ ಎಂಡಿ5 ಎದುರು ಗುರುತು ಕಂಡ ವಕೀಲರು ಪಾಟೀಸವಾಲಿನಲ್ಲಿ ಮೊದಲು ಕೇಳಬೇಕಾದದ್ದು ಎರಡು: ಈ ಕಡತ ತಯಾರಿಸಿದ್ದು ಯಾರು, ಹ್ಯಾಶ್ ತೆಗೆದದ್ದು ಯಾವಾಗ.