ಮೊದಲು ನೀರಿನ ಗೀಟು, ಆಮೇಲೆ ಫ್ಲಾಟಿನ ಲೆಕ್ಕ

ಹೋದ ಬೇಸಿಗೆಯಲ್ಲಿ ಒಬ್ಬರು ನನ್ನ ಕಚೇರಿಗೆ ಬಂದಿದ್ದರು. ನೇತ್ರಾವತಿ ದಂಡೆಯಲ್ಲಿ ಅವರ ಮನೆತನದ ಹಂಚಿನ ಕಾರ್ಖಾನೆ ಇದೆ. ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಉಳಿದಿರುವುದು ಒಂದು ಚಿಮಣಿ, ಮಾಡು ಕುಸಿದ ಎರಡು ಶೆಡ್ಡು, ಒಡೆದ ಹಂಚಿನ ರಾಶಿ.

"ಎಷ್ಟು ಫ್ಲಾಟ್ ಎಬ್ಬಿಸ್ಬಹುದು ಸರ್? ಕೆಳಗೆ ಅಂಗಡಿ, ಒಂದು ಹೋಟೆಲು, ಹೊಳೆ ಬದಿಗೆ ವಾಕಿಂಗ್ ಜಾಗ. ಫಾರಿನ್‌ನಲ್ಲಿ ಮಾಡ್ತಾರಲ್ಲ, ಹಾಗೆ."

ನಾನು ಕೆಲ ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡಿದವನು. ಅದು ಗೊತ್ತಿದ್ದೇ ಅವರು ಬಂದದ್ದು. ಅಲ್ಲಿನ ಹಾಫೆನ್‌ಸಿಟಿಯ ಫೋಟೋಗಳು ಅವರ ಮೊಬೈಲಿನಲ್ಲಿದ್ದವು. ಎಲ್ಬೆ ನದಿ ದಂಡೆಯ ಹಳೇ ಬಂದರು ಅದು, ಸುಮಾರು 157 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 390 ಎಕರೆಯಷ್ಟು. ಕಂಟೇನರ್ ಹಡಗುಗಳು ಬಂದ ಮೇಲೆ ಆ ಹಳೆಯ ಧಕ್ಕೆಗಳು ಸಾಲದಾದವು, ಬಂದರಿನ ಕೆಲಸ ನದಿಯ ಆಚೆ ದಂಡೆಗೆ ಹೋಯಿತು. 1997ರಲ್ಲಿ ಯೋಜನೆ ಘೋಷಣೆಯಾಯಿತು, 2000ದಲ್ಲಿ ಮಾಸ್ಟರ್ ಪ್ಲಾನ್ ಒಪ್ಪಿಗೆಯಾಯಿತು. ಈಗಲೂ ಕಟ್ಟುತ್ತಲೇ ಇದ್ದಾರೆ.

ಫೋಟೋದಲ್ಲಿ ಎಲ್ಲರಿಗೂ ಮೊದಲು ಕಾಣುವುದು ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನ. ಕೋಕೋ ಇಡುತ್ತಿದ್ದ ಹಳೇ ಗೋದಾಮಿನ ಮೇಲೆ ಗಾಜಿನ ಅಲೆ ಕೂರಿಸಿದ ಹಾಗಿದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಸರ್ಕಾರದ ಪಾಲು 77 ಮಿಲಿಯನ್ ಯೂರೋ ಎಂದು ಶುರುವಾದದ್ದು 789 ಮಿಲಿಯನ್‌ಗೆ ನಿಂತಿತು. 2017ರ ಜನವರಿಯಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹೇಳಿದ ಸಮಯ ಮೀರಿ ಆರೇಳು ವರ್ಷವಾಗಿತ್ತು. ಆದರೆ ನಾನು ನಮ್ಮ ಗಿರಾಕಿಗೆ ತೋರಿಸಿದ್ದು ಬೇರೆ ಒಂದು ಫೋಟೋ: ಒಂದು ಕಬ್ಬಿಣದ ಬಾಗಿಲು.

ಸಾಂಡ್‌ಟೋರ್‌ಕಾಯ್ ಎಂಬ ಧಕ್ಕೆಯ ಉದ್ದಕ್ಕೂ ಕಟ್ಟಡಗಳ ಬುಡದಲ್ಲಿ ಅಂಥ ಬಾಗಿಲುಗಳಿವೆ. ಅಂಚಿಗೆ ದಪ್ಪ ರಬ್ಬರು. ಒಳಗೆ ಕಾರು ನಿಲ್ಲುತ್ತವೆ. ಬಿರುಗಾಳಿಯ ಮುನ್ಸೂಚನೆ ಬಂದರೆ ಬಾಗಿಲು ಹಾಕಿ ಬಿಗಿ ಮಾಡಬೇಕು. ಅದನ್ನು ಮುಚ್ಚುವುದು ಕಟ್ಟಡದವರದ್ದೇ ಜವಾಬ್ದಾರಿ. ಯಾರೋ ಬಂದು ಮುಚ್ಚುತ್ತಾರೆ ಎಂದು ಕೂರುವ ಹಾಗಿಲ್ಲ.

ಸಮುದ್ರ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ. ಆದರೂ ಉಬ್ಬರ ಇಳಿತ ಊರಿನವರೆಗೆ ಬರುತ್ತದೆ. ಬಿರುಗಾಳಿ ಎದ್ದರೆ ಕಡಲಿನ ನೀರನ್ನು ಹೊಳೆಯೊಳಕ್ಕೆ ತಳ್ಳುತ್ತದೆ. 1962ರ ಫೆಬ್ರವರಿಯ ಒಂದು ರಾತ್ರಿ ಹೀಗೆ ನೀರು ನುಗ್ಗಿ ಹ್ಯಾಂಬರ್ಗ್‌ನಲ್ಲಿ 315 ಜನ ಸತ್ತರು. ಹಾಫೆನ್‌ಸಿಟಿ ಇರುವುದು ಊರು ಕಾಯುವ ಒಡ್ಡಿನ ಹೊರಗಡೆ. ಅಲ್ಲಿ ಮನೆ ಕಟ್ಟುವುದು ಹೇಗೆ?

ಸುತ್ತ ಒಂದು ಒಡ್ಡು ಕಟ್ಟಿಬಿಡಿ ಅಂತ ನಾವಾದರೆ ಹೇಳುತ್ತಿದ್ದೆವು, ಅಲ್ವಾ? ಅವರು ಬೇಡ ಅಂದರು. ಒಡ್ಡು ಪೂರ್ತಿ ಮುಗಿಯದೆ ಮೊದಲ ಮನೆಯೂ ಸುರಕ್ಷಿತವಲ್ಲ, ಅಂದರೆ ದುಡ್ಡೆಲ್ಲ ಮೊದಲೇ ಸುರಿಯಬೇಕು. ಮೇಲಾಗಿ ಹೊಳೆ ನೋಡಲು ಬಂದವರ ಕಣ್ಣಿಗೆ ಗೋಡೆ. ಬದಲಿಗೆ ಜಾಗವನ್ನೇ ಎತ್ತರಿಸಿದರು. ಮೊದಲಿದ್ದ ನೆಲ ಸಮುದ್ರ ಮಟ್ಟಕ್ಕಿಂತ ನಾಲ್ಕೈದು ಮೀಟರ್ ಮೇಲಿತ್ತು. ಹೊಸ ಕಟ್ಟಡ, ಹೊಸ ರಸ್ತೆ ಎಂಟು ಮೀಟರಿನ ಆಸುಪಾಸಿಗೆ ಹೋದವು. ನೀರಂಚಿನ ಓಡಾಟದ ಜಾಗವನ್ನು ಮಾತ್ರ ಹಳೇ ಮಟ್ಟದಲ್ಲೇ ಬಿಟ್ಟರು. ವರ್ಷಕ್ಕೆ ಕೆಲವು ಸಲ ಅದು ಮುಳುಗುತ್ತದೆ. ಮುಳುಗಲಿ. ಕಲ್ಲು ಹಾಸು, ತೊಳೆದರೆ ಆಯಿತು.

ಇದರಲ್ಲಿ ಜನ ಗಮನಿಸದ ಒಂದು ಭಾಗ ಇದೆ. ಕಟ್ಟಡ ಎತ್ತರಿಸಿದರೆ ಸಾಲದು. ನೆರೆ ಬಂದ ರಾತ್ರಿ ಮೂರನೇ ಮಹಡಿಯಲ್ಲಿ ಒಬ್ಬರಿಗೆ ಎದೆನೋವು ಬಂದರೆ ಆಂಬುಲೆನ್ಸ್ ಎಲ್ಲಿಂದ ಬರಬೇಕು? ಅದಕ್ಕೇ ಕಿಬೆಲ್‌ಸ್ಟೆಗ್ ಎಂಬ ಎತ್ತರದ ಸೇತುವೆಗಳ ಸಾಲು ಹಾಕಿದರು. ಉಳಿದ ದಿನ ಜನ ಸುಮ್ನೆ ನಡೆದುಕೊಂಡು ಹೋಗುತ್ತಾರೆ, ನೀರು ಬಂದ ದಿನ ಅಗ್ನಿಶಾಮಕದವರು ಅದರ ಮೇಲೆ ಬರುತ್ತಾರೆ.

ಇನ್ನು ಜಾಗ ಮಾರಿದ ಕ್ರಮ. ಜಾಗ ನಗರದ ಕೈಯಲ್ಲಿತ್ತು, ಇದು ದೊಡ್ಡ ಅನುಕೂಲ. ಹೆಚ್ಚು ಬೆಲೆ ಕೂಗಿದವರಿಗೇ ಕೊಡಬೇಕೆಂಬ ಹಟ ಇರಲಿಲ್ಲ. ಏನು ಕಟ್ಟುತ್ತೀರಿ, ಕೆಳಮಹಡಿಯಲ್ಲಿ ಏನು ಬರುತ್ತದೆ ಎಂದು ಕೇಳುತ್ತಿದ್ದರು. ಆಯ್ಕೆಯಾದವರು ವಾಸ್ತುಶಿಲ್ಪಿಗಳ ಸ್ಪರ್ಧೆ ನಡೆಸಿ, ನಕ್ಷೆಗೆ ಪರವಾನಗಿ ಪಡೆದ ಮೇಲೆಯೇ ಕ್ರಯ. ಜಾಗ ಹಿಡಿದಿಟ್ಟುಕೊಂಡು ಬೆಲೆ ಏರಲಿ ಎಂದು ಕಾಯುವವರಿಗೆ ಇಲ್ಲಿ ಕೆಲಸವಿಲ್ಲ. ನಮ್ಮಲ್ಲಿ ಹಂಚಿನ ಕಾರ್ಖಾನೆಗಳ ಜಾಗ ಖಾಸಗಿಯವರದ್ದು, ಒಂದೊಂದಾಗಿ ಕೈ ಬದಲಾಗುತ್ತದೆ. ಹಾಗಾಗಿ ಈ ಪಾಠ ನಮಗೆ ನೇರವಾಗಿ ಹೊಂದುವುದಿಲ್ಲ.

ಅಲ್ಲೂ ಎಲ್ಲ ಸರಿಯಾಗಲಿಲ್ಲ. ಮೊದಲು ಕಟ್ಟಿದ ಪಶ್ಚಿಮ ಭಾಗದ ಮನೆಗಳು ಶ್ರೀಮಂತರಿಗೇ ಆದವು. ಮರ ಕಮ್ಮಿ, ಗಾಳಿ ಜಾಸ್ತಿ, ಚಳಿಗಾಲದ ಸಂಜೆ ಬಿಕೋ ಎನ್ನುತ್ತಿತ್ತು. ಆಮೇಲೆ ಬುದ್ಧಿ ಬಂದು, ಹೊಸದಾಗಿ ಕಟ್ಟುವ ಮನೆಗಳಲ್ಲಿ ಮೂರನೇ ಒಂದು ಪಾಲು ಸರ್ಕಾರದ ನೆರವಿನ ಬಾಡಿಗೆ ಮನೆ ಇರಬೇಕು ಎಂದು ನಿಯಮ ತಂದರು. ಶಾಲೆ 2009ರಲ್ಲೇ ಬಂದಿತ್ತು, ಮಕ್ಕಳ ಆಟದ ಜಾಗ ಅದರ ತಾರಸಿ ಮೇಲೆ. ಮೆಟ್ರೋ 2012ರಲ್ಲಿ.

ಕೆಳಮಹಡಿಯ ವಿಷಯದಲ್ಲಿ ನಾನೇ ಮಾಡಿದ ತಪ್ಪು ಒಂದಿದೆ. ಹಾಫೆನ್‌ಸಿಟಿಯಲ್ಲಿ ಕೆಳಮಹಡಿಯ ಎತ್ತರ ಸುಮಾರು 5 ಮೀಟರ್ ಇಡುತ್ತಾರೆ. ಇವತ್ತು ಆಫೀಸು, ನಾಳೆ ಹೋಟೆಲು, ನಾಡಿದ್ದು ಕ್ಲಿನಿಕ್ಕು, ಯಾವುದು ಬಂದರೂ ಹಿಡಿಸಬೇಕು ಎಂದು. ಇದನ್ನು ಕಣ್ಣಾರೆ ನೋಡಿ ಬಂದವನು, ಊರಿಗೆ ಬಂದ ಹೊಸತರಲ್ಲಿ ಹೊಳೆ ಬದಿಯ ಒಂದು ಕಟ್ಟಡಕ್ಕೆ ಹತ್ತಡಿ ಎತ್ತರದ ಅಂಗಡಿ ಸಾಲು ಬರೆದುಕೊಟ್ಟೆ. ಒಂದು ಮಹಡಿ ಹೆಚ್ಚು ಸಿಗುತ್ತದೆ ಎಂಬ ಆಸೆ. ಹೋಟೆಲಿನವರು ಬಂದರು, ಅಡುಗೆಮನೆಯ ಹೊಗೆ ಕೊಳವೆ ಹಾಕಿದರೆ ತಲೆಗೆ ತಾಗುತ್ತದೆ ಎಂದು ಹೊರಟುಹೋದರು. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ.

ಸರಿ, ನೇತ್ರಾವತಿ ದಂಡೆಗೆ ಬರೋಣ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗಿನಿಂದ ಈ ಉದ್ಯಮ ಹೊಳೆಯನ್ನು ನಂಬಿಕೊಂಡೇ ಬೆಳೆಯಿತು. ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆಯೂ ದೋಣಿಯಲ್ಲೇ, ಸುಟ್ಟ ಹಂಚು ಬಂದರಿಗೆ ಹೋಗುವುದೂ ದೋಣಿಯಲ್ಲೇ. ಹಾಗಾಗಿ ಕಾರ್ಖಾನೆಗಳು ತಗ್ಗಿನಲ್ಲಿ ನೀರಿಗೆ ಕಾಲು ಚಾಚಿ ಕೂತವು. ಶೆಡ್ಡಿಗೆ ಮೊಣಕಾಲುದ್ದ ನೀರು ಬಂದರೆ ಎರಡು ದಿನ ಕೆಲಸ ನಿಲ್ಲುತ್ತದೆ. ಮಲಗುವ ಕೋಣೆಗೆ ಬಂದರೆ ಕಥೆ ಬೇರೆ. ಘಟ್ಟದಲ್ಲಿ ಮಳೆ ಹೊಡೆದು ಹೊಳೆ ತುಂಬಿ ಬರುವ ಹೊತ್ತಿಗೇ ಅಳಿವೆಯಲ್ಲಿ ಉಬ್ಬರವಿದ್ದರೆ ನೀರು ಕಡಲಿಗೆ ಹೋಗಲಾರದೆ ನಿಲ್ಲುತ್ತದೆ.

ಗಿರಾಕಿಯನ್ನು ಕರೆದುಕೊಂಡು ಜಾಗಕ್ಕೆ ಹೋದೆ. ಕಾವಲಿಗಿದ್ದ ಅಜ್ಜ ಹಿಂದೆ ಅದೇ ಕಾರ್ಖಾನೆಯಲ್ಲಿ ಹಂಚು ಹೊತ್ತವರು. "ಎಪ್ಪತ್ತನಾಲ್ಕರ ನೆರೆಗೆ ನೀರು ಎಲ್ಲಿಯವರೆಗೆ ಬಂದಿತ್ತು ಅಜ್ಜ?" ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಒಳಗೆ ಹೋಗಿ, ಚಿಮಣಿಯ ಬುಡದ ಇಟ್ಟಿಗೆಯಲ್ಲಿ ಕೊರೆದ ಒಂದು ಗೀಟಿನ ಮೇಲೆ ಬೆರಳಿಟ್ಟರು.

ಸರ್ವೆ ಹುಡುಗ ಲೆವೆಲ್ ಇಟ್ಟು ನೋಡಿದ. ಶೆಡ್ಡಿನ ನೆಲದಿಂದ ನಾಲ್ಕೂವರೆ ಅಡಿ. ಮಾಲೀಕರಿಗೆ ಸ್ವಲ್ಪ ಧೈರ್ಯ ಬಂತು. "ಐದಡಿ ಮಣ್ಣು ತುಂಬಿಸಿದ್ರಾಯ್ತಲ್ಲ ಸರ್?"

ಅಳತೆ ಕೋಲು ಹಿಡಿದುಕೊಂಡು ಗೇಟಿನ ಹೊರಗೆ ರಸ್ತೆ ಮಧ್ಯೆ ನಿಲ್ಲು ಎಂದು ಹುಡುಗನ ಜೊತೆಗಿದ್ದವನಿಗೆ ಹೇಳಿದೆ. ರಸ್ತೆ ಆ ಗೀಟಿಗಿಂತ ಮೂರಡಿ ಕೆಳಗಿತ್ತು.