ಚೆಕ್‌ರೋಲ್‌ನಲ್ಲಿ ಕಂಡ ಜನಸಂಖ್ಯೆ

ಕಾಫಿ ಕುಯ್ಲು ಮುಗಿದು ಏಪ್ರಿಲ್ ಬಂತೆಂದರೆ ನನ್ನ ಮೇಜಿನ ಮೇಲೆ ಚೆಕ್‌ರೋಲ್‌ಗಳ ರಾಶಿ ಬೀಳುತ್ತದೆ. ಚೆಕ್‌ರೋಲ್ ಅಂದರೆ ತೋಟದ ಹಾಜರಿ ಪುಸ್ತಕ. ಯಾವ ದಿನ ಯಾರು ಬಂದರು, ಎಷ್ಟು ಕೆ.ಜಿ. ಹಣ್ಣು ಕುಯ್ದರು, ಎಷ್ಟು ಮುಂಗಡ ತಗೊಂಡರು, ಎಲ್ಲ ಅದರಲ್ಲಿರುತ್ತದೆ. ಚಿಕ್ಕಮಗಳೂರಿನಲ್ಲಿ ಆಡಿಟರ್ ಆಗಿ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಇವನ್ನು ಓದುತ್ತಾ ಬಂದಿದ್ದೇನೆ. ಶುರುವಿನಲ್ಲಿ ಎಲ್ಲವೂ ಸುತ್ತಮುತ್ತಲ ಹಳ್ಳಿಯ ಹೆಸರುಗಳು, ಮುಂದೆ ಹೆಬ್ಬೆಟ್ಟಿನ ಗುರುತು. ಈಗ ಎಷ್ಟೋ ತೋಟಗಳಲ್ಲಿ ಅರ್ಧಕ್ಕರ್ಧ ಹೆಸರು ಅಸ್ಸಾಂ ಕಡೆಯವು. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದಿರುತ್ತಾರೆ. ಒಬ್ಬನದೇ ಹೆಸರು ಮೂರು ವಾರದಲ್ಲಿ ಮೂರು ಥರ ಇರುತ್ತದೆ.

ಈ ಸಲ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಜೊತೆ ಅವರ ಮಗಳೂ ಬಂದಿದ್ದಳು. ಬಿ.ಕಾಂ. ಓದುತ್ತಾಳೆ. "ಅಂಕಲ್, ಕಾಲೇಜಲ್ಲಿ ಚರ್ಚಾಸ್ಪರ್ಧೆ ಇದೆ. ಜನಸಂಖ್ಯೆ ಬೆಳೆದರೆ ರಾಜ್ಯದ ಆರ್ಥಿಕತೆಗೆ ಒಳ್ಳೆಯದಾ, ಕೆಟ್ಟದ್ದಾ? ನಾನು ಯಾವ ಕಡೆ ಮಾತಾಡಲಿ?" ಅಂದಳು. "ಮೊದಲು ನಿಮ್ಮಪ್ಪನ ಚೆಕ್‌ರೋಲ್ ಓದು, ಆಮೇಲೆ ಕಡೆ ಆರಿಸ್ಕೊ" ಅಂದೆ. ಅವಳಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ 2001ರ ಜನಗಣತಿಗೆ 11,40,905 ಜನ ಇದ್ದರು. 2011ಕ್ಕೆ 11,37,961. ಹತ್ತು ವರ್ಷದಲ್ಲಿ ಸುಮಾರು ಮೂರು ಸಾವಿರ ಜನ ಕಡಿಮೆ. ಇಡೀ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ನಮ್ಮದೊಂದೇ. ಪಕ್ಕದ ಹಾಸನ ಶೇ. 3ರಷ್ಟು ಬೆಳೆದು ನಿಂತಿತು. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತು. ಬೆಂಗಳೂರು ನಗರ ಜಿಲ್ಲೆ ಒಂದೇ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ನಮ್ಮೂರ ಮಕ್ಕಳು ಎಲ್ಲಿ ಹೋದರು ಅಂತ ಬೇರೆ ಹೇಳಬೇಕಾ?

ಹಾಗಂತ ನಮ್ಮ ಜಿಲ್ಲೆ ಬಡವಾಗಲಿಲ್ಲ. ತಲಾ ಆದಾಯದಲ್ಲಿ ಚಿಕ್ಕಮಗಳೂರು ರಾಜ್ಯದ ಮುಂದಿನ ಸಾಲಿನ ಜಿಲ್ಲೆಗಳಲ್ಲೇ ಇದೆ. ಬೆಂಗಳೂರು ಬಿಟ್ಟರೆ ಆ ಹತ್ತು ವರ್ಷದಲ್ಲಿ ಅತಿ ವೇಗವಾಗಿ ಬೆಳೆದ ಯಾದಗಿರಿ ಹಿಂದಿನ ಸಾಲಿನಲ್ಲಿದೆ. ಇಷ್ಟು ನೋಡಿದ ಕೂಡಲೇ "ನೋಡಿ, ಜನ ಕಡಿಮೆ ಇದ್ದರೆ ದುಡ್ಡು" ಅನ್ನುವವರಿದ್ದಾರೆ. ಅಷ್ಟು ಸುಲಭ ಇಲ್ಲ. ತಲಾ ಆದಾಯ ಅನ್ನುವುದು ಒಂದು ಭಾಗಾಕಾರ. ಮೇಲಿರುವುದು ಒಟ್ಟು ಆದಾಯ, ಕೆಳಗಿರುವುದು ತಲೆಗಳು. ನಮ್ಮಲ್ಲಿ ಕಾಫಿ, ಮೆಣಸು, ಅಡಿಕೆ ಮೇಲಿನ ಅಂಕಿಯನ್ನು ಹಿಡಿದು ನಿಲ್ಲಿಸಿದವು. ಕೆಳಗಿನದು ಬೆಳೆಯಲಿಲ್ಲ. ಯಾದಗಿರಿಯಲ್ಲಿ ಮಳೆ ನಂಬಿದ ಹೊಲ, ತಡವಾಗಿ ಬಂದ ಶಾಲೆ, ಬೇಗ ಮದುವೆಯಾಗುವ ಹೆಣ್ಣುಮಕ್ಕಳು. ಮಕ್ಕಳು ಜಾಸ್ತಿ ಆಗಿದ್ದರಿಂದ ಬಡತನವೋ, ಬಡತನದಿಂದ ಮಕ್ಕಳು ಜಾಸ್ತಿಯೋ? ಎರಡೂ ಒಂದನ್ನೊಂದು ಎಳೆಯುತ್ತವೆ. ಆ ಗಂಟು ಬಿಚ್ಚುವುದು ಎಲ್ಲಿಂದ ಅಂತ ಕೇಳಿದರೆ, ಹುಡುಗಿಯರ ಓದಿನಿಂದ ಅಂತ ಯೋಚನೆ ಮಾಡದೆ ಹೇಳುತ್ತೇನೆ.

ಮಕ್ಕಳ ಸಂಖ್ಯೆ ಇಳಿಸುವ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಚರಿತ್ರೆ ಇದೆ. ಹಾಸನವೂ, ಆಗ ಕಡೂರು ಜಿಲ್ಲೆ ಅನ್ನಿಸಿಕೊಂಡಿದ್ದ ಚಿಕ್ಕಮಗಳೂರೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. 1930ರಲ್ಲೇ ಆ ಸಂಸ್ಥಾನದ ಸರ್ಕಾರ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ದೇಶದ ಕುಟುಂಬ ಯೋಜನೆ ಶುರುವಾಗಿದ್ದು 1952ರಲ್ಲಿ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ" ಅನ್ನುತ್ತಿದ್ದ ನಮ್ಮ ಅಜ್ಜಿಗೆ ಎಂಟು ಮಕ್ಕಳು. ಅಮ್ಮನಿಗೆ ಮೂರು. ನನಗೆ ಒಬ್ಬಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಗು. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೂ 2.1 ಬೇಕು.

ಇನ್ನು ಲೆಕ್ಕದ ಮುಖ್ಯ ಭಾಗಕ್ಕೆ ಬರುತ್ತೇನೆ. ಒಂದು ಮಗು ಹುಟ್ಟಿ ದುಡಿಯುವ ಕೈ ಆಗುವವರೆಗೆ ಇಪ್ಪತ್ತು ವರ್ಷ ಬರೀ ಖರ್ಚು. ಹಾಲು, ಲಸಿಕೆ, ಅಂಗನವಾಡಿ, ಶಾಲೆ, ಹಾಸ್ಟೆಲ್. ಅರ್ಧ ಮನೆಯವರದು, ಅರ್ಧ ಸರ್ಕಾರದ್ದು. ಆಮೇಲೆ ನಲವತ್ತು ವರ್ಷ ದುಡಿಮೆ. ಅದಾದ ಮೇಲೆ ಮತ್ತೆ ಖರ್ಚು. ನಮ್ಮ ಜಿಲ್ಲೆ ಮೊದಲ ಇಪ್ಪತ್ತು ವರ್ಷದ ಖರ್ಚು ಮಾಡಿ, ಹುಡುಗರನ್ನು ಇಂಜಿನಿಯರ್ ಮಾಡಿ ಬೆಂಗಳೂರಿಗೆ ಕಳಿಸುತ್ತದೆ. ದುಡಿಮೆಯ ವರ್ಷಗಳು ಅಲ್ಲಿಯ ಖಾತೆಗೆ ಜಮೆ. ವಯಸ್ಸಾದ ಅಪ್ಪ ಅಮ್ಮ ಮಾತ್ರ ಆಲ್ದೂರಿನಲ್ಲೋ ಮೂಡಿಗೆರೆಯಲ್ಲೋ ಉಳಿಯುತ್ತಾರೆ. ಇನ್ನೊಂದು ಕಡೆ ಅಸ್ಸಾಮಿನ ಯಾವುದೋ ಹಳ್ಳಿ ಇಪ್ಪತ್ತು ವರ್ಷ ಸಾಕಿ ಬೆಳೆಸಿದ ಹುಡುಗ ನಮ್ಮ ತೋಟಕ್ಕೆ ಬಂದು ದುಡಿಯುತ್ತಾನೆ. ಅವನನ್ನು ಬೆಳೆಸಲು ನಾವು ಒಂದು ರೂಪಾಯಿ ಹಾಕಿಲ್ಲ. ಅವನು ಬರದಿದ್ದರೆ ಜನವರಿಯ ರೋಬಸ್ಟಾ ಕಾಫಿ ಗಿಡದಲ್ಲೇ ಒಣಗಿ ನೆಲಕ್ಕೆ ಬೀಳುತ್ತದೆ.

ಆದ್ದರಿಂದ ಜನಸಂಖ್ಯೆ ಎಷ್ಟು ಅನ್ನುವುದಕ್ಕಿಂತ, ಯಾವ ವಯಸ್ಸಿನವರು ಎಲ್ಲಿದ್ದಾರೆ, ಅವರ ಕೈಯಲ್ಲಿ ಏನು ಕೆಲಸ ಇದೆ ಅಂತ ನಾನು ನೋಡುತ್ತೇನೆ. ದುಡಿಯುವ ವಯಸ್ಸಿನವರು ಜಾಸ್ತಿ ಇದ್ದು, ಕೆಲಸವೂ ಇದ್ದರೆ ಬೆಳೆಯುವ ಜನಸಂಖ್ಯೆ ರಾಜ್ಯಕ್ಕೆ ವರ. ಕೆಲಸ ಇಲ್ಲದಿದ್ದರೆ ಅದೇ ಹುಡುಗರು ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಸುಮ್ನೆ ಕೂತಿರುತ್ತಾರೆ. ಸ್ಥಳೀಯರು ತೋಟದ ಕೆಲಸ ಬಿಟ್ಟಿದ್ದನ್ನು ಕೆಲವು ಬೆಳೆಗಾರರು ಸೋಮಾರಿತನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಹುಟ್ಟಿದ ಹುಡುಗಿ ನರ್ಸ್ ಆಗಿದ್ದಾಳೆ, ಇನ್ನೊಬ್ಬಳು ಹಾಸನದ ಗಾರ್ಮೆಂಟ್ಸ್‌ನಲ್ಲಿ ಪಿ.ಎಫ್. ಇರುವ ಕೆಲಸಕ್ಕೆ ಸೇರಿದ್ದಾಳೆ. ಮಕ್ಕಳು ಕಡಿಮೆ ಆಗಿ, ಇದ್ದವರು ಓದಿದ್ದರಿಂದ ಆದ ಲಾಭ ಇದು.

ರಾಜ್ಯದ ಬೊಕ್ಕಸದ ಮಾತೂ ಇದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಶೇ. 4.713 ಇತ್ತು. 15ನೆಯದರಲ್ಲಿ ಅದು 3.647ಕ್ಕೆ ಇಳಿಯಿತು. 15ನೇ ಆಯೋಗದ ಲೆಕ್ಕದಲ್ಲಿ ಒಟ್ಟು ನೂರು ಅಂಕದಲ್ಲಿ 2011ರ ಜನಸಂಖ್ಯೆಗೆ 15 ಅಂಕ, ಜನನ ಪ್ರಮಾಣ ಇಳಿಸಿದ್ದಕ್ಕೆ 12.5 ಅಂಕ, ತಲಾ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಜಾಸ್ತಿ ಕೊಡುವ ಲೆಕ್ಕಕ್ಕೆ 45 ಅಂಕ. ಆ 45ರ ಲೆಕ್ಕವನ್ನೂ ಜನಸಂಖ್ಯೆಯಿಂದಲೇ ಗುಣಿಸಿದರು. ನಮ್ಮ ತಲಾ ಆದಾಯ ಏರಿತು, ತಲೆಗಳು ನಿಧಾನವಾಗಿ ಬೆಳೆದವು, ಎರಡೂ ಕಡೆಯಿಂದ ಪಾಲು ಕರಗಿತು. ಬಡ ರಾಜ್ಯಕ್ಕೆ ಜಾಸ್ತಿ ಹೋಗಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಅಸ್ಸಾಮಿನ ಶಾಲೆಗೆ ಹೋದ ದುಡ್ಡು ಒಂದು ದಿನ ನಮ್ಮ ತೋಟಕ್ಕೂ ಬರುತ್ತದೆ, ಅಲ್ವಾ? ಆದರೆ ಇಷ್ಟು ದೊಡ್ಡ ಇಳಿತ ಒಂದೇ ಸಲ ಆಗಿದ್ದು ಅನ್ಯಾಯ.

2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು "ಜಾಸ್ತಿ ಮಕ್ಕಳನ್ನು ಮಾಡಿಕೊಳ್ಳಿ" ಎಂದು ಕರೆ ಕೊಟ್ಟರು. ನಮ್ಮಲ್ಲೂ ಹಾಗೆ ಮಾತಾಡುವವರಿದ್ದಾರೆ. ದುಡಿಯುವವರು ಕಡಿಮೆಯಾಗಿ ವಯಸ್ಸಾದವರು ಜಾಸ್ತಿಯಾಗುತ್ತಾರೆ ಅನ್ನುವ ಅವರ ಆತಂಕ ಅರ್ಥವಾಗುತ್ತದೆ, ಉಪಾಯ ಒಪ್ಪಿಗೆಯಾಗುವುದಿಲ್ಲ. ಇವತ್ತು ಹುಟ್ಟುವ ಮಗು ಚೆಕ್‌ರೋಲ್‌ಗೋ ಕಂಪನಿಯ ಹಾಜರಿಗೋ ಬರುವುದು ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ವಯಸ್ಸಾದವರು ಇನ್ನೂ ಜಾಸ್ತಿ ಆಗಿರುತ್ತಾರೆ. ಹೆರುವ ಹೆಣ್ಣುಮಗಳ ಕೆಲಸ, ಆರೋಗ್ಯ, ಇಷ್ಟ ಇವನ್ನು ಯಾರೂ ಕೇಳುತ್ತಿಲ್ಲ. ಈಗಾಗಲೇ ನಮ್ಮ ಲೈನ್ ಮನೆಗಳಲ್ಲಿ ಇರುವ ಮಕ್ಕಳನ್ನು ನಮ್ಮವರು ಅಂತ ಎಣಿಸಿ, ಅವರಿಗೆ ಶಾಲೆ, ಅಂಗನವಾಡಿ ಸಿಗುವ ಹಾಗೆ ಮಾಡುವುದು ಇದಕ್ಕಿಂತ ಅಗ್ಗ, ಬೇಗ ಫಲ ಕೊಡುವ ದಾರಿ.

ಫೆಬ್ರವರಿಯಲ್ಲಿ ದಾಸ್ತಾನು ನೋಡಲು ಒಂದು ತೋಟಕ್ಕೆ ಹೋಗಿದ್ದೆ. ಅವತ್ತು ಬಟವಾಡೆ. ಕಣದ ಪಕ್ಕ ಮೇಜು ಹಾಕಿ ರೈಟರ್ ದುಡ್ಡು ಎಣಿಸುತ್ತಿದ್ದರು. ಅಸ್ಸಾಮಿನ ಒಬ್ಬ ಕೆಲಸಗಾರನ ಜೊತೆ ಹತ್ತು ವರ್ಷದ ಮಗಳು ಬಂದಳು. ಸರ್ಕಾರಿ ಶಾಲೆಯ ಸಮವಸ್ತ್ರ, ಅದರ ಮೇಲೆ ಅಪ್ಪನ ಸ್ವೆಟರ್. ಚೆಕ್‌ರೋಲ್ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಒಂದೊಂದೇ ಸಾಲು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಸಾರ್, ಅಪ್ಪಂದು ಬುಧವಾರದ್ದು ಬರ್ದಿಲ್ಲ."

ರೈಟರ್ ತೂಕದ ಚೀಟಿಗಳ ಕಟ್ಟು ಬಿಚ್ಚಿ ಹುಡುಕಿದರು. ಬುಧವಾರದ ಚೀಟಿ ಸಿಕ್ಕಿತು, 84 ಕೆ.ಜಿ. ಅದನ್ನು ಸೇರಿಸಿ ಮತ್ತೆ ಮೊದಲಿನಿಂದ ಕೂಡಿದರು. ಹುಡುಗಿ ಪಕ್ಕದಲ್ಲೇ ನಿಂತು, ತುಟಿ ಅಲ್ಲಾಡಿಸುತ್ತಾ ತಾನೂ ಕೂಡಿದಳು.